ಹಳೆಯ ಶೆವರ್ಲೆ ಪಿಕಪ್‌ಗೆ ಮರದ ನೆಲ ಹಾಕಿದ್ದು

ನನ್ನ ಪಿಕಪ್ 1953ರ ಶೆವರ್ಲೆ 3100. ಹಿಂದಿನ ಬಾಡಿಯ ನೆಲ ಪೂರ್ತಿ ಕೊಳೆತಿತ್ತು. ಹಲಗೆಯ ಮೇಲೆ ಸ್ಕ್ರೂಡ್ರೈವರ್ ಇಟ್ಟು ಒತ್ತಿದರೆ ಸೀದಾ ಒಳಗಿಳಿಯುತ್ತಿತ್ತು. ತಗಡು ಹಾಕಿ ಮುಗಿಸಿಬಿಡಿ ಎಂದವರಿದ್ದರು. ನನಗದು ಒಪ್ಪಿಗೆಯಾಗಲಿಲ್ಲ. ಈ ಗಾಡಿ ಕಾರ್ಖಾನೆಯಿಂದ ಬಂದಿದ್ದೇ ಮರದ ನೆಲದ ಜೊತೆ. ಹಳೇ ಹಲಗೆ ಬಿಚ್ಚುತ್ತಾ ಅದನ್ನು ಜೋಡಿಸಿದ ರೀತಿ ನೋಡಿದ ಮೇಲಂತೂ ಮರವೇ ಆಗಬೇಕು ಅನ್ನಿಸಿತು.

ಆ ಜೋಡಣೆ ತುಂಬಾ ಜಾಣತನದ್ದು. ಹಲಗೆಗಳನ್ನು ಮೊಳೆ ಹೊಡೆದು ಕೂರಿಸಿಲ್ಲ. ಉದ್ದಕ್ಕೆ ಹಲಗೆಗಳು, ಎರಡು ಹಲಗೆಗಳ ನಡುವೆ ಸಂದು, ಸಂದಿನ ಮೇಲೆ ಉಕ್ಕಿನ ಪಟ್ಟಿ. ಬೋಲ್ಟ್ ಪಟ್ಟಿಯಿಂದ ಸಂದಿನೊಳಗೆ ಇಳಿದು ಕೆಳಗಿನ ಅಡ್ಡಪಟ್ಟಿಗೆ ಬಿಗಿಯಾಗುತ್ತದೆ. ಮೇಲಿನ ಪಟ್ಟಿ ಎರಡೂ ಕಡೆಯ ಹಲಗೆಯ ಅಂಚನ್ನು ಅದುಮಿ ಹಿಡಿಯುತ್ತದೆ, ಅಷ್ಟೇ. ಮರ ಮಳೆಗೆ ಹಿಗ್ಗಲಿ, ಬಿಸಿಲಿಗೆ ಕುಗ್ಗಲಿ, ಪಟ್ಟಿಯ ಕೆಳಗೇ ಅತ್ತಿತ್ತ ಸರಿಯುತ್ತದೆ, ಸೀಳುವುದಿಲ್ಲ. ಭಾರದ ಸಾಮಾನು ಎಳೆದರೆ ಅದು ಜಾರುವುದೂ ಪಟ್ಟಿಯ ಮೇಲೆಯೇ. ಮರಕ್ಕೆ ಅಷ್ಟು ಪೆಟ್ಟಿಲ್ಲ.

ಮರ ಆರಿಸುವುದಕ್ಕೇ ನಾನು ಜಾಸ್ತಿ ಸಮಯ ಕೊಟ್ಟೆ. ಓಕ್ ಬೇಕು ಅಂತ ಇತ್ತು. ಆದರೆ ಓಕ್ ಎಲ್ಲಾ ಒಂದೇ ಅಲ್ಲ. ರೆಡ್ ಓಕ್‌ನ ನಾಳಗಳು ತೆರೆದಿರುತ್ತವೆ. ಒಂದು ತುಂಡಿನ ತುದಿಯನ್ನು ನೀರಿಗಿಟ್ಟು ಇನ್ನೊಂದು ತುದಿಯಿಂದ ಊದಿದರೆ ನೀರಲ್ಲಿ ಗುಳ್ಳೆ ಬರುತ್ತದೆ, ಸ್ಟ್ರಾ ಹಾಕಿ ಊದಿದ ಹಾಗೆ. ಅದೇ ದಾರಿಯಲ್ಲಿ ಮಳೆನೀರೂ ಒಳಗೆ ಹೋಗುತ್ತದೆ ಅಲ್ವಾ? ವೈಟ್ ಓಕ್‌ನ ಚೇಗಿನಲ್ಲಿ, ಅಂದರೆ ಮರದ ಒಳಗಿನ ಗಟ್ಟಿ ಭಾಗದಲ್ಲಿ, ಆ ನಾಳಗಳು ತಾವಾಗಿಯೇ ಮುಚ್ಚಿಕೊಂಡಿರುತ್ತವೆ. ಹಾಗಾಗಿ ವೈಟ್ ಓಕ್ ತಂದೆ. ಮಿಲ್ಲಿನಲ್ಲೇ ಊದಿ ನೋಡಿದೆ, ಗುಳ್ಳೆ ಬರಲಿಲ್ಲ.

ವೈಟ್ ಓಕ್‌ಗೆ ಇನ್ನೊಂದು ಗುಣ ಇದೆ. ಅದರಲ್ಲಿ ಟ್ಯಾನಿನ್ ಎಂಬ ಒಗರು ಪದಾರ್ಥ ಜಾಸ್ತಿ. ತೇವ ಇರುವಾಗ ಕಬ್ಬಿಣ ತಗುಲಿದರೆ ಮರ ನೀಲಿಗಪ್ಪಾಗುತ್ತದೆ. ಆದ್ದರಿಂದ ಬೋಲ್ಟ್, ನಟ್, ವಾಷರ್, ಪಟ್ಟಿ ಎಲ್ಲವೂ ಸ್ಟೇನ್‌ಲೆಸ್ ತೆಗೆದುಕೊಂಡೆ. ಓಕ್ ಉಜ್ಜಲು ಸ್ಟೀಲ್ ವುಲ್ (ಉಕ್ಕಿನ ನಾರು) ಬಳಸಲೇಬೇಡಿ. ಕಣ್ಣಿಗೆ ಕಾಣದ ಚೂರುಗಳು ಎಳೆಯಲ್ಲಿ ಉಳಿದು, ಆಮೇಲೆ ಒಂದೊಂದೂ ಕಪ್ಪು ಚುಕ್ಕೆಯಾಗುತ್ತವೆ.

ಹಲಗೆ ತಂದು ತಕ್ಷಣ ಕೊಯ್ಯಲಿಲ್ಲ. ನಡುವೆ ಕಡ್ಡಿ ಇಟ್ಟು ಪೇರಿಸಿ, ಗಾಳಿಯಾಡಲು ಬಿಟ್ಟೆ. ತೇವ ಬದಲಾದರೆ ಮರ ಉದ್ದಕ್ಕೆ ಹೆಚ್ಚುಕಮ್ಮಿ ಬದಲಾಗುವುದೇ ಇಲ್ಲ. ಅಗಲಕ್ಕೆ ಮಾತ್ರ ಚೆನ್ನಾಗಿ ಬದಲಾಗುತ್ತದೆ. ಮಾಮೂಲಿ ರೀತಿಯಲ್ಲಿ ಸೀಳಿದ (ಫ್ಲಾಟ್ ಸಾನ್) 150 ಮಿ.ಮೀ. ಅಗಲದ ವೈಟ್ ಓಕ್ ಹಲಗೆಯಲ್ಲಿ ತೇವದ ಪ್ರಮಾಣ ಶೇ. 4ರಷ್ಟು ಏರಿಳಿದರೆ ಸುಮಾರು 2 ಮಿ.ಮೀ. ಹಿಗ್ಗುಕುಗ್ಗು ಆಗುತ್ತದೆ. ಅಕ್ಕಪಕ್ಕದ ಎರಡು ಹಲಗೆ ಒಟ್ಟಿಗೆ ಹಿಗ್ಗಿದರೆ ಒಂದು ಸಂದಿನಲ್ಲೇ ಅಷ್ಟು ಜಾಗ ಹೋಗುತ್ತದೆ. ನನ್ನ ಬೋಲ್ಟ್‌ಗಳು 8 ಮಿ.ಮೀ. ದಪ್ಪದವು. ಸಂದನ್ನು 12 ಮಿ.ಮೀ. ಇಟ್ಟೆ. ಇದರಲ್ಲಿ ಜಿಪುಣತನ ಮಾಡಿದರೆ ಮಳೆಗಾಲದಲ್ಲಿ ಹಲಗೆಗಳು ಒಂದಕ್ಕೊಂದು ಒತ್ತಿಕೊಂಡು ನಡುವೆ ಉಬ್ಬಿ ನಿಲ್ಲುತ್ತವೆ.

ಅಳತೆಗೆ ಹಳೇ ಹಲಗೆಯೇ ಗುರು. ಎಷ್ಟೇ ಕೊಳೆತಿದ್ದರೂ ಒಂದನ್ನಾದರೂ ಇಡಿಯಾಗಿ ತೆಗೆದಿಟ್ಟುಕೊಳ್ಳಿ. ದಪ್ಪ, ಅಂಚಿನ ಕೊರೆತ, ತೂತಿನ ಜಾಗ ಎಲ್ಲಾ ಅದರಲ್ಲೇ ಸಿಗುತ್ತದೆ. ಬಾಡಿ ಮೂಲೆಮಟ್ಟ ಇದೆಯಾ ಅಂತ ಎರಡೂ ಕರ್ಣ ಅಳೆದು ನೋಡಿದೆ. ಅದು ಸರಿಯಾಗುವವರೆಗೆ ಮರಕ್ಕೆ ಗರಗಸ ಮುಟ್ಟಿಸಲಿಲ್ಲ.

ಅಂಚು ಕೊರೆಯುವ ಕೆಲಸ ನನಗೆ ತುಂಬಾ ಇಷ್ಟವಾಯಿತು. ಪಟ್ಟಿ ಕೂರುವಷ್ಟು ಜಾಗದಲ್ಲಿ ಹಲಗೆಯ ಅಂಚನ್ನು ಮರ ಕೊರೆಯುವ ರೂಟರ್ ಯಂತ್ರದಿಂದ ಒಂದು ಹಂತ ತಗ್ಗಿಸಬೇಕು. ಒಂದೇ ಸಲಕ್ಕೆ ಆಳ ಇಳಿಸಿದರೆ ಓಕ್ ಸಿಬಿರೇಳುತ್ತದೆ, ಸುಟ್ಟ ವಾಸನೆಯೂ ಬರುತ್ತದೆ. ಸ್ವಲ್ಪ ಸ್ವಲ್ಪವೇ ಇಳಿಸಿದೆ. ಮೊದಲು ಉಳಿದ ತುಂಡಿನ ಮೇಲೆ ಕೊರೆದು ಪಟ್ಟಿ ಇಟ್ಟು ನೋಡಿದೆ. ಬೆರಳಿನಿಂದ ಒತ್ತಿದಾಗ ಪಟ್ಟಿ ಅಲುಗದೆ ಕೂತು, ಎರಡೂ ಕಡೆ ಸಮನಾಗಿ ಮರವನ್ನು ಮುಟ್ಟಬೇಕು. ಆಳ ಜಾಸ್ತಿಯಾದರೆ ಬೋಲ್ಟ್ ಎಷ್ಟು ಬಿಗಿದರೂ ಹಲಗೆ ಕೆಳಗೆ ಲಟಲಟ ಅನ್ನುತ್ತದೆ.

ಬಣ್ಣ, ವಾರ್ನಿಷ್ ಏನೂ ಹಚ್ಚುವ ಮೊದಲು ಇಡೀ ನೆಲವನ್ನು ಒಮ್ಮೆ ಸುಮ್ನೆ ಜೋಡಿಸಿ ನೋಡಿದೆ. ಬಾಡಿಯನ್ನು ಚಾಸಿಗೆ ಹಿಡಿಯುವ ಬೋಲ್ಟ್‌ಗಳಿಗೆ ಮರದಲ್ಲಿ ತೂತು ಬೇಕಿದ್ದ ಕಡೆ ಸ್ವಲ್ಪ ದೊಡ್ಡದಾಗಿಯೇ ಕೊರೆದೆ. ಮರ ಸರಿದಾಗ ಬೋಲ್ಟ್‌ಗೆ ತಾಗಬಾರದು. ಆಮೇಲೆ ಎಲ್ಲಾ ಬಿಚ್ಚಿ 120 ನಂಬರಿನ ಸ್ಯಾಂಡ್‌ಪೇಪರ್‌ನಲ್ಲಿ ಉಜ್ಜಿದೆ.

ಫಿನಿಶ್‌ಗೆ ದೋಣಿಗಳಿಗೆ ಹಚ್ಚುವ ಸ್ಪಾರ್ ವಾರ್ನಿಷ್ ಹಾಕಿದೆ. ಅದು ಮರದ ಜೊತೆ ಬಾಗುತ್ತದೆ. ಬಿಸಿಲಿನ ನೇರಳಾತೀತ ಕಿರಣವನ್ನೂ ಸ್ವಲ್ಪ ತಡೆಯುತ್ತದೆ. ಮೊದಲ ಕೋಟ್ ತೆಳುಮಾಡಿ ಹಚ್ಚಿದೆ, ಮರ ಕುಡಿಯಲಿ ಅಂತ. ಮೇಲ್ಮೈ ಹೊಳೆದರೆ ಸಾಕು ಅಂದುಕೊಳ್ಳಬೇಡಿ. ಆರೂ ಬದಿಗೆ ಹಚ್ಚಬೇಕು, ತೂತುಗಳ ಒಳಗೂ ಹಚ್ಚಬೇಕು. ನೀರು ಎಲ್ಲಕ್ಕಿಂತ ಬೇಗ ಹೀರಿಕೊಳ್ಳುವುದು ಹಲಗೆಯ ಎರಡು ತುದಿಗಳು. ಅಲ್ಲಿ ವಾರ್ನಿಷ್ ಹಚ್ಚಿದ ಕ್ಷಣವೇ ಮಾಯವಾಗುತ್ತಿತ್ತು. ಅದು ಹೀರುವುದು ನಿಲ್ಲುವವರೆಗೆ ಬಿಡದೆ ಹಚ್ಚಿದೆ. ನನ್ನ ಹಳೇ ಹಲಗೆಗಳು ಕೊಳೆಯಲು ಶುರುವಾಗಿದ್ದೂ ತುದಿಯಿಂದಲೇ.

ಅಡ್ಡಪಟ್ಟಿಗಳ ತುಕ್ಕು ತೆಗೆದು, ಎಪಾಕ್ಸಿ ಪೇಂಟ್ ಹೊಡೆದು, ಮೇಲೆ ತೆಳು ರಬ್ಬರ್ ಇಟ್ಟೆ. ನಡುವಿನ ಪಟ್ಟಿಯಿಂದ ಶುರುಮಾಡಿ ಎರಡೂ ಕಡೆಗೆ ಬಿಗಿಯುತ್ತಾ ಹೋದೆ. ಪಟ್ಟಿಯ ತೂತು ಚೌಕ, ಬೋಲ್ಟ್‌ನ ಕತ್ತೂ ಚೌಕ. ಹಾಗಾಗಿ ಮೇಲೆ ಯಾರೂ ಹಿಡಿಯಬೇಕಿಲ್ಲ, ಕೆಳಗಿಂದ ಒಬ್ಬರೇ ನಟ್ ಹಾಕಬಹುದು. ಸ್ಟೇನ್‌ಲೆಸ್ ನಟ್ ಬೋಲ್ಟ್‌ಗೆ ಕಚ್ಚಿಕೊಂಡರೆ ಕತ್ತರಿಸುವುದೊಂದೇ ದಾರಿ. ಬೋಲ್ಟ್‌ನ ಥ್ರೆಡ್‌ಗೆ ಆಂಟಿ-ಸೀಜ್ (ಕಚ್ಚಿಕೊಳ್ಳದಂತೆ ತಡೆಯುವ ಪೇಸ್ಟ್) ಸವರಿ, ಕೈ ಸ್ಪ್ಯಾನರ್‌ನಲ್ಲೇ ನಿಧಾನವಾಗಿ ತಿರುಗಿಸಿ. ನಟ್ ಬಿಗಿಯುವ ಯಂತ್ರ, ಇಂಪ್ಯಾಕ್ಟ್ ಗನ್, ದೂರವಿಡಿ.

ಒಂದು ಬೇಸಿಗೆ ಕಳೆದ ಮೇಲೆ ಗಾಡಿಯ ಕೆಳಗೆ ಮಲಗಿ ಒಂದೊಂದೇ ನಟ್ ಮುಟ್ಟಿ ನೋಡಿದೆ. ಮರ ಒಣಗಿ ಕೆಲವು ಸಡಿಲವಾಗಿದ್ದವು, ಬಿಗಿದೆ. ವರ್ಷಕ್ಕೊಮ್ಮೆ ಮೇಲ್ಮೈಯನ್ನು ಹಗುರವಾಗಿ ಉಜ್ಜಿ ಒಂದು ಕೋಟ್ ವಾರ್ನಿಷ್ ಕೊಡುತ್ತೇನೆ, ತುದಿಗಳಿಗೆ ಎರಡು.