ಈರುಳ್ಳಿ ಬೇರಿನ ತುದಿಯಲ್ಲಿ ಕೋಶ ವಿಭಜನೆ: ಸ್ಲೈಡ್ ಮಾಡುವುದು, ಕಂಡದ್ದನ್ನು ಓದುವುದು

ಪಿಯುಸಿಯಿಂದ ಎಂಎಸ್ಸಿವರೆಗೆ ಜೀವಶಾಸ್ತ್ರದ ಲ್ಯಾಬುಗಳಲ್ಲಿ ಈ ಪ್ರಯೋಗ ತಪ್ಪದೆ ಇರುತ್ತದೆ. ಅದು ಕೆಡುವುದು ಬಹುಮಟ್ಟಿಗೆ ಮೈಕ್ರೋಸ್ಕೋಪಿನ ಮುಂದೆ ಅಲ್ಲ, ಎರಡು ಮೂರು ದಿನ ಮುಂಚೆ ಈರುಳ್ಳಿ ಆರಿಸುವಾಗಲೇ. ಇನ್ನೊಂದು ವಿಷಯವನ್ನೂ ಮೊದಲೇ ತಿಳಿದಿರುವುದು ಒಳ್ಳೆಯದು. ಅಸಿಟೊಕಾರ್ಮೈನ್ ಎಂಬ ಕೆಂಪು ಬಣ್ಣ ಹಾಕಿದ ಸ್ಲೈಡಿನಲ್ಲಿ ಬಣ್ಣ ಹಿಡಿಯುವುದು ಕ್ರೋಮೊಸೋಮುಗಳು ಮಾತ್ರ. ಅವುಗಳನ್ನು ಸಾಲು ನಿಲ್ಲಿಸಿ ಎರಡು ಕಡೆಗೆ ಎಳೆಯುವ ಎಳೆಗಳ ಕಟ್ಟು, ಅಂದರೆ ಸ್ಪಿಂಡಲ್, ಅಲ್ಲಿ ಕಾಣುವುದಿಲ್ಲ. ಕ್ರೋಮೊಸೋಮ್ ನಿಂತ ಭಂಗಿಯನ್ನು ನೋಡಿಯೇ ಸ್ಪಿಂಡಲ್ ಏನು ಮಾಡುತ್ತಿತ್ತು ಎಂದು ಓದಿಕೊಳ್ಳಬೇಕು. ಆ ಭಂಗಿ ಕದಡದಂತೆ ಕೋಶಗಳನ್ನು ಚಪ್ಪಟೆ ಮಾಡುವುದರಲ್ಲೇ ಕೈಚಳಕ ಇರುವುದು.

ಬೇರು ಬರಿಸುವುದು

ಹೊಲದಿಂದ ಈಗಷ್ಟೇ ಕಿತ್ತ ಈರುಳ್ಳಿ ಸುಪ್ತಾವಸ್ಥೆಯಲ್ಲಿರುತ್ತದೆ, ಬೇಗ ಬೇರು ಬಿಡುವುದಿಲ್ಲ. ಕೆಲವು ವಾರ ಒಣಗಿಸಿಟ್ಟ, ಗಟ್ಟಿಯಾದ, ಬುಡ ಕೊಳೆಯದ ಗಡ್ಡೆಯನ್ನು ತೆಗೆದುಕೊಳ್ಳಿ. ಮೊಳಕೆ ಬರದಿರಲೆಂದು ವಿಕಿರಣಕ್ಕೆ ಒಡ್ಡಿದ ಈರುಳ್ಳಿಯೂ ಮಾರುಕಟ್ಟೆಗೆ ಬರುತ್ತದೆ; ನಾಸಿಕ್ ಬಳಿಯ ಲಾಸಲ್‌ಗಾಂವ್‌ನಲ್ಲಿ ಅದಕ್ಕೆಂದೇ ಘಟಕವಿದೆ. ಅಂಥ ಗಡ್ಡೆ ಈ ಕೆಲಸಕ್ಕೆ ಬೇಡ. ಒಂದೇ ಅಂಗಡಿಯ ಐದಾರು ಗಡ್ಡೆಗಳನ್ನು ಒಟ್ಟಿಗೆ ಇಟ್ಟರೆ ಯಾವುದು ಕೈಕೊಡುತ್ತದೆ ಎಂಬುದು ಎರಡನೇ ದಿನವೇ ಗೊತ್ತಾಗುತ್ತದೆ. ಚಿಕ್ಕಬಳ್ಳಾಪುರ ಕಡೆಯ ಗುಲಾಬಿ ಈರುಳ್ಳಿ ಸಣ್ಣದಾದ್ದರಿಂದ ಅಗಲ ಬಾಯಿಯ ಪುಟ್ಟ ಸೀಸೆಯ ಮೇಲೆ ಹಾಗೇ ಕೂರುತ್ತದೆ, ಕಡ್ಡಿ ಚುಚ್ಚುವ ತಾಪತ್ರಯವಿಲ್ಲ.

ಬುಡದ ಒಣ ಬೇರುಗಳನ್ನು ಬ್ಲೇಡಿನಿಂದ ಮೆಲ್ಲಗೆ ಕೆರೆದು ತೆಗೆಯಿರಿ. ಆಳಕ್ಕೆ ಕೆರೆದರೆ ಹೊಸ ಬೇರಿನ ಅಂಕುರಗಳೇ ಹೋಗುತ್ತವೆ. ಬುಡ ಮಾತ್ರ ನೀರು ಮುಟ್ಟಬೇಕು. ಗಡ್ಡೆ ಮುಳುಗಿದರೆ ಕೊಳೆಯುತ್ತದೆ. ನಲ್ಲಿ ನೀರಾದರೆ ರಾತ್ರಿಯಿಡೀ ತೆರೆದಿಟ್ಟು ಕ್ಲೋರಿನ್ ಹೋದ ಮೇಲೆ ಬಳಸಿ, ದಿನಕ್ಕೊಮ್ಮೆ ಬದಲಿಸಿ. 20ರಿಂದ 25 ಡಿಗ್ರಿ ಸೆಲ್ಸಿಯಸ್ ಇರುವ ನೆರಳಿನ ಜಾಗದಲ್ಲಿ ಎರಡು ಮೂರು ದಿನಕ್ಕೆ ಬೇರು 1.5ರಿಂದ 2 ಸೆಂ.ಮೀ. ಆಗುತ್ತದೆ. ಅಷ್ಟು ಉದ್ದವೇ ಸರಿ. 5 ಸೆಂ.ಮೀ. ದಾಟಿದ ಬೇರಿನ ತುದಿಯಲ್ಲಿ ವಿಭಜನೆ ಇಳಿಮುಖವಾಗಿರಬಹುದು.

ಕತ್ತರಿಸುವ ಹೊತ್ತು ಬೆಳಿಗ್ಗೆ 8ರಿಂದ 10 ಎಂಬ ರೂಢಿ ಇದೆ. ಆದರೆ ವಿಭಜನೆ ಏರಿಳಿಯುವುದು ಬೆಳಕು ಮತ್ತು ಉಷ್ಣತೆಯನ್ನು ನೋಡಿಕೊಂಡು. ರೂಢಿಯನ್ನೇ ನಂಬಿ ಕೂರುವ ಬದಲು 8, 9, 10, 11 ಗಂಟೆಗೆ ಒಂದೊಂದು ಗೊಂಚಲು ಕತ್ತರಿಸಿ ಬೇರೆ ಬೇರೆ ಸೀಸೆಗೆ ಹಾಕಿ, ಗಂಟೆ ಬರೆದಿಡಿ. ನಿಮ್ಮ ಕೋಣೆಗೆ ಯಾವ ಹೊತ್ತು ಒಗ್ಗುತ್ತದೆ ಎಂಬುದು ಒಂದೇ ಸಲಕ್ಕೆ ತಿಳಿಯುತ್ತದೆ.

ಫಿಕ್ಸ್ ಮಾಡುವುದು

ಫಿಕ್ಸ್ ಮಾಡುವುದೆಂದರೆ ಕೋಶವನ್ನು ಇದ್ದ ಸ್ಥಿತಿಯಲ್ಲೇ ಕೊಂದು ನಿಲ್ಲಿಸುವುದು. ಕತ್ತರಿಸಿದ ಬೇರುಗಳನ್ನು ಹಾಕುವ ದ್ರವ ಇದು: ಅಪ್ಪಟ ಎಥನಾಲ್ 3 ಭಾಗ, ಗ್ಲೇಸಿಯಲ್ ಅಸಿಟಿಕ್ ಆಮ್ಲ 1 ಭಾಗ. ಆಲ್ಕೋಹಾಲು ಕೋಶವನ್ನು ಕುಗ್ಗಿಸುತ್ತದೆ, ಅಸಿಟಿಕ್ ಆಮ್ಲ ಉಬ್ಬಿಸುತ್ತದೆ. ಎರಡೂ ಸೇರಿದಾಗ ಕ್ರೋಮೊಸೋಮಿನ ಆಕಾರ ಉಳಿಯುತ್ತದೆ. ಇದನ್ನು ಆಗಾಗಲೇ ಬೆರೆಸಿಕೊಳ್ಳಬೇಕು. ಬೆರೆಸಿಟ್ಟರೆ ಎರಡೂ ಸೇರಿ ಈಥೈಲ್ ಅಸಿಟೇಟ್ ಆಗುತ್ತಾ ಹೋಗಿ ದ್ರವದ ಶಕ್ತಿ ಕುಂದುತ್ತದೆ. ಹಣ್ಣಿನಂಥ ವಾಸನೆ ಬಂದರೆ ಚೆಲ್ಲಿ, ಹೊಸದು ಮಾಡಿ. ಬೇರಿನ ತುಂಡುಗಳಿಗಿಂತ ಹತ್ತು ಪಟ್ಟಾದರೂ ದ್ರವ ಇರಲಿ. 24 ಗಂಟೆಯ ನಂತರ 70% ಆಲ್ಕೋಹಾಲಿಗೆ ವರ್ಗಾಯಿಸಿ ಫ್ರಿಜ್ಜಿನಲ್ಲಿಟ್ಟರೆ ವಾರಗಟ್ಟಲೆ ಇರುತ್ತವೆ.

ಕಾಯುವ ಹೊತ್ತಿನಲ್ಲಿ ಮಾಡಬಹುದಾದ ಕೆಲಸ

ಫಿಕ್ಸಾದದ್ದು ಸತ್ತ ಕೋಶ. ಬದುಕಿದ ಕೋಶದಲ್ಲಿ ಸಾಗಣೆ ಹೇಗೆ ನಡೆಯುತ್ತದೆ ಎಂಬುದನ್ನು ಅದೇ ಈರುಳ್ಳಿಯ ಎಸಳಿನಲ್ಲಿ ನೋಡಬಹುದು. ದಪ್ಪ ಎಸಳಿನ ಒಳಬದಿಯ ತೆಳು ಪೊರೆಯನ್ನು 5 ಮಿ.ಮೀ. ಚೌಕದಷ್ಟು ಸುಲಿದು, ಬಣ್ಣ ಹಾಕದೆ ನೀರಿನಲ್ಲಿ ಹರಡಿ, ಕವರ್ ಸ್ಲಿಪ್ ಇಟ್ಟು ಹದಿನೈದು ನಿಮಿಷ ಬಿಡಿ. ಸುಲಿದ ಆಘಾತಕ್ಕೆ ನಿಂತ ಚಲನೆ ಮತ್ತೆ ಶುರುವಾಗಲು ಅಷ್ಟು ಬೇಕು. 40ರ ಲೆನ್ಸಿನಲ್ಲಿ, ಕಂಡೆನ್ಸರಿನ ಡಯಾಫ್ರಂ ಬಹಳಷ್ಟು ಮುಚ್ಚಿ ನೋಡಿದರೆ ಕೋಶದ ನಡುವೆ ಹಾದುಹೋಗುವ ತೆಳು ಕೋಶದ್ರವ್ಯದ ಎಳೆಗಳಲ್ಲಿ ಸಣ್ಣ ಕಣಗಳು ಸಾಲಾಗಿ ಓಡುವುದು ಕಾಣುತ್ತದೆ. ಪಕ್ಕಪಕ್ಕದ ಎಳೆಗಳಲ್ಲಿ ಎದುರು ದಿಕ್ಕಿಗೂ ಓಡುತ್ತವೆ.

ಇಲ್ಲಿ ಹಳಿ ಆಕ್ಟಿನ್ ಎಂಬ ಪ್ರೋಟೀನಿನ ತಂತುಗಳು, ಎಳೆಯುವ ಯಂತ್ರ ಮಯೋಸಿನ್ ಎಂಬ ಇನ್ನೊಂದು ಪ್ರೋಟೀನು. ಪ್ರೋಟೀನನ್ನು ಹದಮಾಡಿ ಕಟ್ಟಿ ಕಳಿಸುವ ಗಾಲ್ಜಿ ಕೂಡ ಸಸ್ಯಕೋಶದಲ್ಲಿ ಒಂದೆಡೆ ನಿಲ್ಲದೆ ಇದೇ ಹಳಿಯ ಮೇಲೆ ಓಡಾಡುತ್ತದೆ. ಸೈಟೊಕಲಾಸಿನ್ ಹಾಕಿದರೆ ಆಕ್ಟಿನ್ ಕೆಟ್ಟು ಓಟ ನಿಲ್ಲುತ್ತದೆ. ಸ್ಪಿಂಡಲನ್ನು ಕೆಡಿಸುವ ಕಾಲ್ಚಿಸಿನ್ ಎಂಬ ಸಸ್ಯವಿಷ ಹಾಕಿದರೆ ನಿಲ್ಲುವುದಿಲ್ಲ. ವಿಭಜನೆಯಲ್ಲಿ ಇದು ತಿರುವುಮುರುವು: ಕಾಲ್ಚಿಸಿನ್ ಬಿದ್ದರೆ ಕ್ರೋಮೊಸೋಮ್ ಕದಲುವುದಿಲ್ಲ, ಏಕೆಂದರೆ ಅಲ್ಲಿ ಹಳಿ ಸ್ಪಿಂಡಲಿನ ಎಳೆಗಳಾದ ಮೈಕ್ರೋಟ್ಯೂಬ್ಯೂಲ್. ಒಂದೇ ಗಿಡದಲ್ಲಿ ಎರಡು ಹಳಿಗಳ ಕೆಲಸ ಬೇರೆಬೇರೆ ಎಂಬುದನ್ನು ಇಷ್ಟು ನೇರವಾಗಿ ತೋರಿಸುವ ಪ್ರಯೋಗ ಮತ್ತೊಂದು ಸಿಗುವುದು ಕಷ್ಟ. ಶಾಲೆಯಲ್ಲಿ ಸೈಟೊಕಲಾಸಿನ್ ಬೇಡ, ಅದು ದುಬಾರಿ ಮತ್ತು ವಿಷ. ಸ್ಲೈಡನ್ನು ಹತ್ತು ನಿಮಿಷ ಫ್ರಿಜ್ಜಿನಲ್ಲಿಟ್ಟು ತೆಗೆದರೆ ಓಟ ನಿಧಾನವಾಗಿ, ಬಿಸಿಯೇರಿದಂತೆ ಮತ್ತೆ ಚುರುಕಾಗುವುದನ್ನು ನೋಡಿದರೆ ಸಾಕು.

ಮೆದುಮಾಡಿ ಬಣ್ಣ ಹಾಕುವುದು

ಕೋಶಗಳನ್ನು ಒಂದಕ್ಕೊಂದು ಅಂಟಿಸಿರುವುದು ಪೆಕ್ಟಿನ್. ಅದನ್ನು ಕರಗಿಸಲು 1 ನಾರ್ಮಲ್ ಹೈಡ್ರೊಕ್ಲೋರಿಕ್ ಆಮ್ಲವನ್ನು 60 ಡಿಗ್ರಿಗೆ ಕಾಯಿಸಿ ಬೇರುಗಳನ್ನು 5ರಿಂದ 8 ನಿಮಿಷ ಅದ್ದಿ. ಈ ಆಮ್ಲ ಮಾಡಲು ಸುಮಾರು 90 ಮಿ.ಲೀ. ನೀರಿಗೆ 8.3 ಮಿ.ಲೀ. ಸಾಂದ್ರ ಆಮ್ಲ ಸುರಿದು 100ಕ್ಕೆ ತನ್ನಿ. ನೀರಿಗೆ ಆಮ್ಲ, ಆಮ್ಲಕ್ಕೆ ನೀರಲ್ಲ. ಹೊತ್ತು ಕಡಿಮೆಯಾದರೆ ತುದಿ ರಬ್ಬರಿನಂತೆ ಗಟ್ಟಿಯಾಗಿದ್ದು ಕೋಶಗಳು ಪದರಪದರವಾಗಿ ಉಳಿಯುತ್ತವೆ. ಹೆಚ್ಚಾದರೆ ಮುಟ್ಟಿದೊಡನೆ ಉದುರುತ್ತದೆ, ಬಣ್ಣವೂ ಸರಿಯಾಗಿ ಹಿಡಿಯುವುದಿಲ್ಲ. ತೆಗೆದ ಮೇಲೆ ನೀರಿನಲ್ಲಿ ಎರಡು ಮೂರು ಸಲ ತೊಳೆದು ಅಸಿಟೊಕಾರ್ಮೈನಿಗೆ ಹಾಕಿ.

ವಾಟರ್ ಬಾತ್ ಇಲ್ಲದ ಕಡೆ ಎರಡೂ ಕೆಲಸ ಒಟ್ಟಿಗೆ ಆಗುತ್ತದೆ: ವಾಚ್ ಗ್ಲಾಸಿನಲ್ಲಿ ಅಸಿಟೊಕಾರ್ಮೈನ್ 9 ಹನಿ, ಅದೇ ಆಮ್ಲ 1 ಹನಿ, ಬೇರಿನ ತುದಿಗಳು. ಸ್ಪಿರಿಟ್ ದೀಪದ ಮೇಲೆ ಹಬೆ ಏಳುವಷ್ಟು ಕಾಯಿಸಿ ಕೆಳಗಿಳಿಸಿ, ಮೂರು ನಾಲ್ಕು ಸಲ ಹೀಗೆ ಮಾಡಿ ಅರ್ಧ ಗಂಟೆ ಮುಚ್ಚಿಡಿ. ಕುದಿಸಬಾರದು.

ಬಣ್ಣ ಮಾಡುವುದಾದರೆ 45 ಮಿ.ಲೀ. ಗ್ಲೇಸಿಯಲ್ ಅಸಿಟಿಕ್ ಆಮ್ಲ, 55 ಮಿ.ಲೀ. ನೀರು, 1 ಗ್ರಾಂ ಕಾರ್ಮೈನ್. ಫ್ಯೂಮ್ ಹುಡ್ ಒಳಗೆ ಸಣ್ಣ ಉರಿಯಲ್ಲಿ ಕುದಿಸಿ, ಆರಿಸಿ, ಸೋಸಿ. ಸೋಸದಿದ್ದರೆ ಕರಿ ಹರಳುಗಳು ಸ್ಲೈಡಿನ ತುಂಬ ಹರಡುತ್ತವೆ, ಹೊಸಬರು ಅವನ್ನೇ ಕ್ರೋಮೊಸೋಮ್ ಎಂದು ಎಣಿಸುವುದುಂಟು. ಬಣ್ಣ ಮಂಕಾದರೆ ತುಕ್ಕು ಹಿಡಿದ ಸೂಜಿಯಿಂದ ಹನಿಯನ್ನು ಕದಡಿ; ಕಬ್ಬಿಣದ ಅಂಶ ಬಣ್ಣವನ್ನು ಗಾಢ ಮಾಡುತ್ತದೆ.

ಅದುಮುವುದು

ಸ್ಲೈಡಿನ ಮೇಲೆ ಬೇರನ್ನಿಟ್ಟು ಗಾಢ ಬಣ್ಣ ಹಿಡಿದ ತುದಿಯ 1ರಿಂದ 2 ಮಿ.ಮೀ. ಮಾತ್ರ ಉಳಿಸಿ, ಉಳಿದದ್ದನ್ನು ಎಸೆಯಿರಿ. ತೀರಾ ಕೊನೆಯಲ್ಲಿ ಬೇರಿನ ಟೋಪಿ ಇದೆ, ಅದರ ಹಿಂದೆಯೇ ವಿಭಜಿಸುವ ಭಾಗ. ಮೈಕ್ರೋಸ್ಕೋಪಿನಲ್ಲಿ ಉದ್ದುದ್ದ ಕೋಶಗಳೇ ಕಂಡರೆ ಮೇಲಿನ ತುಂಡನ್ನು ಉಳಿಸಿಕೊಂಡಿದ್ದೀರಿ ಎಂದರ್ಥ. ನಮಗೆ ಬೇಕಾದವು ಚೌಕಾಕಾರದ, ಒಳಗೆ ದೊಡ್ಡ ಕೋಶಕೇಂದ್ರ ತುಂಬಿಕೊಂಡ ಕೋಶಗಳು.

45% ಅಸಿಟಿಕ್ ಆಮ್ಲದ ಒಂದು ಹನಿ ಹಾಕಿ, ತುದಿಯನ್ನು ಸೂಜಿಯಿಂದ ಬಿಡಿಸಿ, ಕವರ್ ಸ್ಲಿಪ್ಪನ್ನು ಓರೆಯಾಗಿ ಇಳಿಸಿ. ಪೆನ್ಸಿಲಿನ ಹಿಂಬದಿಯಿಂದ ನೇರ ಮೇಲಿನಿಂದ ಹತ್ತಿಪ್ಪತ್ತು ಸಲ ತಟ್ಟಿ, ಕೋಶಗಳು ಮಸುಕಾಗಿ ಹರಡುವುದು ಬರಿಗಣ್ಣಿಗೇ ಕಾಣುತ್ತದೆ. ಆಮೇಲೆ ಫಿಲ್ಟರ್ ಪೇಪರ್ ಮಡಿಸಿಟ್ಟು ಹೆಬ್ಬೆರಳಿನಿಂದ ಒಂದೇ ಸಲ ಒತ್ತಿ. ಈ ಹೊತ್ತಿಗೆ ಕವರ್ ಸ್ಲಿಪ್ ಕೂದಲೆಳೆಯಷ್ಟು ಜಾರಿದರೂ ಅನಾಫೇಸಿನ (ಕ್ರೋಮೊಸೋಮುಗಳು ಎರಡು ಕಡೆಗೆ ಬೇರ್ಪಡುವ ಹಂತ) ಎರಡು ಗುಂಪು ಒಂದರ ಮೇಲೊಂದು ಉರುಳಿ ಹೋಗುತ್ತವೆ, ಮೆಟಾಫೇಸಿನ (ಅದಕ್ಕೆ ಮುಂಚೆ ಅವು ನಡುವೆ ಸಾಲು ನಿಲ್ಲುವ ಹಂತ) ಸಾಲು ಚದುರುತ್ತದೆ. ಇನ್ನೊಂದು ಕೈಯ ಎರಡು ಬೆರಳಿನಿಂದ ಅದರ ಅಂಚು ಹಿಡಿದಿರಿ. ಅಂಚಿಗೆ ನೈಲ್ ಪಾಲಿಶ್ ಹಚ್ಚಿದರೆ ಒಂದೆರಡು ದಿನ ಒಣಗದೆ ಇರುತ್ತದೆ.

ಕಂಡದ್ದನ್ನು ಓದುವುದು

ಮೊದಲು 10ರ ಲೆನ್ಸಿನಲ್ಲಿ ಇಡೀ ಹರವನ್ನು ನೋಡಿ, ಆಮೇಲೆ 40ಕ್ಕೆ ಹೋಗಿ. ಹೆಚ್ಚಿನವು ಇನ್ನೂ ವಿಭಜನೆಗೆ ಇಳಿಯದ ಇಂಟರ್‌ಫೇಸ್ ಕೋಶಗಳೇ ಆಗಿರುತ್ತವೆ, ಗಾಬರಿ ಬೇಡ.

ಮೆಟಾಫೇಸಿನಲ್ಲಿ ಕ್ರೋಮೊಸೋಮುಗಳು ಅಡ್ಡಸಾಲಾಗಿ ನಿಂತಿವೆ ಎಂದರೆ ಎರಡೂ ಬದಿಯ ಎಳೆತ ಸಮವಾಗಿದೆ ಎಂದು. ಅದೇ ಸಾಲು ಧ್ರುವದ ಕಡೆಯಿಂದ ಕಂಡರೆ ದುಂಡಗೆ ಹರಡಿರುತ್ತದೆ. ಅದನ್ನು ಪ್ರೊಫೇಸ್ (ವಿಭಜನೆಯ ಮೊದಲ ಹಂತ) ಎಂದು ಬರೆದು ಅಂಕ ಕಳೆದುಕೊಳ್ಳುವವರು ಬಹಳ. ಅನಾಫೇಸಿನಲ್ಲಿ ಪ್ರತಿ ಕ್ರೋಮೊಸೋಮ್ ಬಾಗಿ, ಮೂಲೆ ಧ್ರುವದ ಕಡೆಗೆ, ತೋಳುಗಳು ಹಿಂದಕ್ಕೆ ಇರುತ್ತವೆ. ಸ್ಪಿಂಡಲ್ ಎಳೆ ಅಂಟುವ ಜಾಗವಾದ ಸೆಂಟ್ರೊಮಿಯರಿನಲ್ಲಿ ಹಿಡಿದು ಎಳೆದಿದ್ದಕ್ಕೆ ಇದೇ ಸಾಕ್ಷಿ. ಬದುಕಿದ ಕೋಶದಲ್ಲಿ ಸ್ಪಿಂಡಲ್ ಎಳೆಗಳು ನಿಜಕ್ಕೂ ಇವೆ ಎಂದು ಕೋಶವಿಜ್ಞಾನಿ ಷಿನ್ಯಾ ಇನೊಯೆ ಧ್ರುವೀಕೃತ ಬೆಳಕಿನಲ್ಲಿ ತೋರಿಸಿದ್ದು 1953ರಲ್ಲಿ. ಈರುಳ್ಳಿಯ ಸ್ಪಿಂಡಲಿಗೆ ಸೆಂಟ್ರಿಯೋಲ್ (ಪ್ರಾಣಿಕೋಶದಲ್ಲಿ ಸ್ಪಿಂಡಲಿನ ತುದಿಗಳಲ್ಲಿರುವ ಪುಟ್ಟ ರಚನೆ) ಇಲ್ಲ, ಆದ್ದರಿಂದ ಚಿತ್ರ ಬರೆಯುವಾಗ ಪ್ರಾಣಿಕೋಶದಿಂದ ನಕಲು ಮಾಡಬೇಡಿ.

ಕೊನೆಯ ಹಂತವಾದ ಟೆಲೊಫೇಸಿನಲ್ಲಿ ಎರಡು ಗುಂಪಿನ ನಡುವಿನ ಬಣ್ಣವಿಲ್ಲದ ಪಟ್ಟಿಯನ್ನು ಡಯಾಫ್ರಂ ಕಿರಿದು ಮಾಡಿ ನೋಡಿ. ಹೊಸ ಗೋಡೆಯ ಗೆರೆ ನಡುವಿನಿಂದ ಶುರುವಾಗಿ ಅಂಚಿಗೆ ಬೆಳೆಯುತ್ತದೆ. ಗಾಲ್ಜಿಯಿಂದ ಹೊರಟ ಪುಟ್ಟ ಚೀಲಗಳು ಪೆಕ್ಟಿನ್ ಮತ್ತು ಪೊರೆಯ ಪ್ರೋಟೀನುಗಳನ್ನು ಹೊತ್ತು ಮೈಕ್ರೋಟ್ಯೂಬ್ಯೂಲ್ ಹಳಿಯಲ್ಲಿ ಬಂದು ಇಲ್ಲಿ ಒಂದಕ್ಕೊಂದು ಬೆಸೆಯುತ್ತವೆ. ಈ ಹಳಿಗಳ ರಚನೆಗೆ ಫ್ರಾಗ್ಮೊಪ್ಲಾಸ್ಟ್ ಎಂದು ಹೆಸರು. ಸಾಗಣೆ, ಹಳಿ, ವಿಭಜನೆ ಮೂರೂ ಸೇರುವುದು ಈ ಸಣ್ಣ ಪಟ್ಟಿಯಲ್ಲಿ.

ಎಣಿಸುವುದಾದರೆ ಕನಿಷ್ಠ ಮೂರು ಬೇರುಗಳಿಂದ ಒಟ್ಟು 1000 ಕೋಶ ಎಣಿಸಿ. ವಿಭಜಿಸುತ್ತಿರುವವನ್ನು ಒಟ್ಟಿನಿಂದ ಭಾಗಿಸಿ 100ರಿಂದ ಗುಣಿಸಿದರೆ ಮೈಟಾಟಿಕ್ ಇಂಡೆಕ್ಸ್. ಚೆನ್ನಾಗಿ ಕಾಣುವ ಜಾಗವನ್ನೇ ಆರಿಸಿ ಎಣಿಸಿದರೆ ಲೆಕ್ಕ ಸುಳ್ಳಾಗುತ್ತದೆ. ಅನಾಫೇಸ್ ಕಡಿಮೆ ಸಿಗುವುದು ಅದು ಬೇಗ ಮುಗಿಯುವುದರಿಂದ.

ಕ್ರೋಮೊಸೋಮ್ ಎಣಿಸಬೇಕಾದರೆ

ಈರುಳ್ಳಿಯಲ್ಲಿ 16. ಅವು ಬಿಡಿಬಿಡಿಯಾಗಿ ಕಾಣಬೇಕಾದರೆ ಫಿಕ್ಸ್ ಮಾಡುವ ಮುಂಚೆ, ಜೀವಂತ ಬೇರನ್ನು 0.05% ಕಾಲ್ಚಿಸಿನ್‌ನಲ್ಲಿ (100 ಮಿ.ಲೀ.ಗೆ 50 ಮಿ.ಗ್ರಾಂ) 3 ಗಂಟೆ ಇಡಬೇಕು. ಅದು ಮೈಕ್ರೋಟ್ಯೂಬ್ಯೂಲ್ ಕಟ್ಟುವ ಪ್ರೋಟೀನಾದ ಟ್ಯುಬುಲಿನ್‌ಗೆ ಅಂಟಿಕೊಂಡು ಸ್ಪಿಂಡಲ್ ಕಟ್ಟದಂತೆ ತಡೆಯುತ್ತದೆ. ಕ್ರೋಮೊಸೋಮುಗಳು ಗಿಡ್ಡವಾಗಿ, ಎತ್ತಲೂ ಎಳೆಯಲ್ಪಡದೆ ಚದುರಿ ನಿಲ್ಲುತ್ತವೆ. ಫಿಕ್ಸಾದ ಬೇರನ್ನು ಅದ್ದಿದರೆ ಏನೂ ಆಗದು. ಬೇರನ್ನು ತೊಳೆದು ಮತ್ತೆ ನೀರಿನಲ್ಲಿ ಬೆಳೆಯಲು ಬಿಟ್ಟರೆ ಮುಂದಿನ ವಿಭಜನೆಯಲ್ಲಿ 32 ಇರುವ ಕೋಶಗಳು ಸಿಗಬಹುದು.

ಕಾಲ್ಚಿಸಿನ್ ಬದಲು 8-ಹೈಡ್ರಾಕ್ಸಿಕ್ವಿನೊಲಿನ್ 0.002 ಮೋಲಾರ್ (100 ಮಿ.ಲೀ.ಗೆ 29 ಮಿ.ಗ್ರಾಂ, ಬೆಚ್ಚಗೆ ಕರಗಿಸಿ) ಅಥವಾ ಪ್ಯಾರಾಡೈಕ್ಲೋರೊಬೆಂಜೀನ್‌ನ ಪರ್ಯಾಪ್ತ ದ್ರಾವಣವನ್ನೂ ಬಳಸಬಹುದು, ತಂಪು ಜಾಗದಲ್ಲಿ 3ರಿಂದ 4 ಗಂಟೆ. ಪ್ಯಾರಾಡೈಕ್ಲೋರೊಬೆಂಜೀನ್ ಬಟ್ಟೆಗೆ ಇಡುವ ಗುಳಿಗೆಯಾಗಿಯೂ ಸಿಗುತ್ತದೆ, ಆದರೆ ಅಂಥ ಗುಳಿಗೆಗಳಲ್ಲಿ ಕೆಲವು ನ್ಯಾಫ್ತಲೀನ್; ಲೇಬಲ್ ಓದದೆ ಹಾಕಬೇಡಿ.

ಕಾಲ್ಚಿಸಿನ್ ಇಲ್ಲದೆಯೂ ಅನಾಫೇಸಿನಲ್ಲಿ ಸೇತುವೆ, ಒಂಟಿ ತುಂಡುಗಳು ಪದೇಪದೇ ಕಂಡರೆ ನೀರನ್ನು ಶಂಕಿಸಿ. ಕಲುಷಿತ ನೀರನ್ನು ಈರುಳ್ಳಿ ಬೇರಿನಲ್ಲಿ ಪರೀಕ್ಷಿಸುವ ಕ್ರಮಕ್ಕೆ ಆಧಾರವೇ ಇದು. ಸ್ವೀಡನ್ನಿನ ಸಸ್ಯವಿಜ್ಞಾನಿ ಆಲ್ಬರ್ಟ್ ಲೆವಾನ್ 1938ರಲ್ಲಿ ಕಾಲ್ಚಿಸಿನ್ ಇಟ್ಟು ಈ ದಾರಿ ತೆರೆದರು.

ಕಾಲ್ಚಿಸಿನ್ ನಮ್ಮ ಮಲೆನಾಡಿನಲ್ಲೂ ಬೆಳೆಯುವ ಅಗ್ನಿಶಿಖೆಯ ಗಡ್ಡೆ, ಬೀಜಗಳಲ್ಲಿರುವ ಅದೇ ವಿಷ. ಪುಡಿ ತೂಗುವಾಗ ಕೈಗವಸು, ಮಾಸ್ಕ್ ಕಡ್ಡಾಯ. ಉಳಿದ ದ್ರಾವಣವನ್ನು ಸಿಂಕಿಗೆ ಸುರಿಯದೆ ಹೆಸರು ಬರೆದ ಸೀಸೆಯಲ್ಲಿ ಲ್ಯಾಬಿನ ರಾಸಾಯನಿಕ ತ್ಯಾಜ್ಯಕ್ಕೆ ಸೇರಿಸಿ. ಬೇರು ಬಿಟ್ಟ ಈರುಳ್ಳಿ ಅಡುಗೆಮನೆಗೆ ವಾಪಸ್ ಹೋಗಬಾರದು.