ಸೆಮಿನಾರಿಗೆ ಅಂಕ ಕೊಡುವಾಗ ನಾನು ನೋಡುವುದೇನು

ಉತ್ತರಪತ್ರಿಕೆಯಾದರೆ ಅನುಮಾನ ಬಂದಾಗ ಇನ್ನೊಮ್ಮೆ ತಿರುವಿ ನೋಡಬಹುದು. ವಿದ್ಯಾರ್ಥಿ ನಿಂತು ಮಂಡಿಸಿದ ವಿಷಯ ಹಾಗಲ್ಲ, ಮಾತು ಆಡಿದ ಗಳಿಗೆಗೇ ಮುಗಿದುಹೋಗುತ್ತದೆ. ಆಮೇಲೆ ನಮ್ಮ ಬಳಿ ಉಳಿಯುವುದು ಮನಸ್ಸಿನಲ್ಲಿ ಮೂಡಿದ ಒಂದು ಅಭಿಪ್ರಾಯ, ಅಷ್ಟೆ. ಆ ಅಭಿಪ್ರಾಯವನ್ನು ಎಷ್ಟರಮಟ್ಟಿಗೆ ನಂಬಬಹುದು? ಸೆಮಿನಾರಿಗೆ ಅಂಕ ಕೊಡುವ ನನ್ನ ಕ್ರಮವೆಲ್ಲ ಈ ಪ್ರಶ್ನೆಯ ಸುತ್ತಲೇ ಬೆಳೆದದ್ದು.

ನಿರರ್ಗಳವಾಗಿ ಮಾತಾಡುವವರು ಎಂಥ ಕೇಳುಗರನ್ನೂ ಒಲಿಸಿಕೊಳ್ಳುತ್ತಾರೆ. 1970ರಲ್ಲಿ ಅಮೆರಿಕದಲ್ಲಿ ಒಬ್ಬ ನಟನನ್ನು ‘ಡಾಕ್ಟರ್ ಫಾಕ್ಸ್’ ಎಂಬ ತಜ್ಞನೆಂದು ಪರಿಚಯಿಸಿ, ಗಣಿತದ ಗೇಮ್ ಥಿಯರಿಯ ಮೇಲೆ ಉಪನ್ಯಾಸ ಕೊಡಿಸಿದರು. ಮಾತಿನಲ್ಲಿ ಹುರುಳಿರಲಿಲ್ಲ, ಒಂದಕ್ಕೊಂದು ತಾಳೆಯಾಗದ ಹೇಳಿಕೆಗಳನ್ನು ಬೇಕೆಂದೇ ತುರುಕಿದ್ದರು. ಆದರೆ ಹೇಳುವ ಶೈಲಿ ಮೋಹಕವಾಗಿತ್ತು. ಮನೋವೈದ್ಯರು, ಮನಶ್ಶಾಸ್ತ್ರಜ್ಞರು ಇದ್ದ ಸಭೆ ಉಪನ್ಯಾಸವನ್ನು ಮೆಚ್ಚಿಕೊಂಡಿತು. 1973ರಲ್ಲಿ ಪ್ರಕಟವಾದ ಆ ವರದಿಯನ್ನು ಸೆಮಿನಾರಿಗೆ ಅಂಕ ಹಾಕುವ ಪ್ರತಿಯೊಬ್ಬರೂ ಓದಬೇಕು ಎನ್ನುತ್ತೇನೆ. ಅಷ್ಟು ಕಲಿತವರಿಗೇ ಹಾಗಾದರೆ, ಬೆಳಗಿನಿಂದ ಸಾಲಾಗಿ ಸೆಮಿನಾರು ಕೇಳಿ ದಣಿದ ನಮಗೆ ಏನಾಗಬೇಡ!

ಹಾಗಾಗಿ ನನ್ನ ಅಂಕಪಟ್ಟಿಯಲ್ಲಿ ಮಂಡನೆಯ ಶೈಲಿಗೆ ಇರುವುದು 25ಕ್ಕೆ 3 ಅಂಕ ಮಾತ್ರ. ಮುಖ್ಯ ಮಾತಿನ ಸ್ಪಷ್ಟತೆಗೆ 6, ಹೇಳಿದ ಕ್ರಮಕ್ಕೆ 5, ಕೊಟ್ಟ ಆಧಾರಗಳಿಗೆ 5, ಪ್ರಶ್ನೋತ್ತರಕ್ಕೆ 6. ಶೈಲಿಯ ಅಂಕವನ್ನು ಕೊನೆಯಲ್ಲಿ ಹಾಕುತ್ತೇನೆ. ಮೊದಲೇ ಹಾಕಿದರೆ ಅದರ ಬಣ್ಣ ಉಳಿದ ಕಲಂಗಳಿಗೂ ಹತ್ತುತ್ತದೆ. ಸೇನಾಧಿಕಾರಿಗಳು ತಮ್ಮ ಕೈಕೆಳಗಿನವರ ಮೈಕಟ್ಟು, ಬುದ್ಧಿ, ನಾಯಕತ್ವಕ್ಕೆ ಬೇರೆ ಬೇರೆಯಾಗಿ ಅಂಕ ಕೊಡುವಾಗಲೂ ಅವೆಲ್ಲ ಒಂದೇ ಕಡೆಗೆ ವಾಲುತ್ತಿದ್ದವು ಎಂದು ಅಮೆರಿಕದ ಮನಶ್ಶಾಸ್ತ್ರಜ್ಞ ಥಾರ್ನ್‌ಡೈಕ್ 1920ರಲ್ಲೇ ತೋರಿಸಿಕೊಟ್ಟಿದ್ದಾನೆ. ಮಾತಿನಲ್ಲಿ ಪದಗಳ ಪಾಲು ಶೇಕಡಾ 7, ಉಳಿದದ್ದೆಲ್ಲ ದನಿ ಮತ್ತು ಹಾವಭಾವ ಎಂದು ತರಬೇತಿಗಳಲ್ಲಿ ಹೇಳುವುದನ್ನು ನೀವೂ ಕೇಳಿರಬಹುದು. ಅದು ಮನಶ್ಶಾಸ್ತ್ರಜ್ಞ ಮೆಹ್ರಾಬಿಯನ್ 1967ರಲ್ಲಿ ಮಾಡಿದ ಪ್ರಯೋಗಗಳಿಂದ ಬಂದದ್ದು. ಆಡಿದ ಪದಕ್ಕೂ ದನಿ, ಮುಖಭಾವಕ್ಕೂ ಹೊಂದಿಕೆಯಾಗದಿದ್ದಾಗ ಕೇಳುವವರು ಇಷ್ಟಾನಿಷ್ಟವನ್ನು ಹೇಗೆ ಅಳೆಯುತ್ತಾರೆ ಎಂಬುದಕ್ಕಷ್ಟೇ ಅದು ಸಂಬಂಧಿಸಿದ್ದು. ತರಗತಿಯ ಸೆಮಿನಾರಿಗೆ ಆ ಲೆಕ್ಕವನ್ನು ತಂದು ಹಚ್ಚುವುದು ಮಕ್ಕಳಿಗೆ ಮಾಡುವ ಅನ್ಯಾಯ.

ಅಂಕಪಟ್ಟಿಯಲ್ಲಿ ‘ಉತ್ತಮ’, ‘ಸಾಧಾರಣ’ ಎಂಬ ಪದಗಳನ್ನು ಇಟ್ಟುಕೊಂಡಿಲ್ಲ. ಒಬ್ಬರ ಉತ್ತಮ ಇನ್ನೊಬ್ಬರ ಸಾಧಾರಣ. ಅದರ ಬದಲು ಕಣ್ಣಿಗೆ ಕಾಣುವ, ಕಿವಿಗೆ ಕೇಳುವ ಸಂಗತಿಗಳನ್ನೇ ಬರೆದಿದ್ದೇನೆ. ಮುಖ್ಯ ಮಾತನ್ನು ಮೊದಲೆರಡು ನಿಮಿಷದಲ್ಲಿ ಹೇಳಿದರೇ? ಗ್ರಾಫ್ ತೋರಿಸಿದಾಗ ಅಡ್ಡಗೆರೆ ಯಾವುದರದು, ಉದ್ದಗೆರೆ ಯಾವುದರದು ಎಂದು ಮೊದಲು ತಿಳಿಸಿದರೇ? ಅಂಕಿಅಂಶ ಎಲ್ಲಿಂದ ಬಂತೆಂದು ಹೇಳಿದರೇ? ಸ್ಲೈಡಿನಲ್ಲಿ ಇದ್ದದ್ದನ್ನು ಓದಿದರೋ, ಅಲ್ಲಿಲ್ಲದ್ದನ್ನೂ ವಿವರಿಸಿದರೋ? ಹಾಳೆಯ ಎಡಗಡೆ ವಿದ್ಯಾರ್ಥಿ ಆಡಿದ ಮಾತನ್ನು ಆದಷ್ಟೂ ಅವರದೇ ಪದಗಳಲ್ಲಿ ಗೀಚಿಕೊಳ್ಳುತ್ತೇನೆ, ಬಲಗಡೆ ಅಂಕ. ಎಡಗಡೆ ಖಾಲಿಯಿದ್ದರೆ ಬಲಗಡೆಯ ಅಂಕಕ್ಕೆ ಬೆಲೆಯಿಲ್ಲ. ಈ ಪಟ್ಟಿಯನ್ನು ವಿದ್ಯಾರ್ಥಿಗಳಿಗೆ ವಿಷಯ ಹಂಚುವ ದಿನವೇ ಕೊಟ್ಟುಬಿಡುತ್ತೇನೆ, ಮುಚ್ಚಿಡುವಂಥದ್ದು ಅದರಲ್ಲಿ ಏನೂ ಇಲ್ಲ.

ಪ್ರಶ್ನೋತ್ತರಕ್ಕೆ ಅಷ್ಟು ಅಂಕ ಯಾಕೆಂದು ಸಹೋದ್ಯೋಗಿಗಳು ಕೇಳುತ್ತಾರೆ. ಒಂದು ಉದಾಹರಣೆ ಹೇಳುತ್ತೇನೆ. ಆ್ಯಂಟಿಬಯಾಟಿಕ್‌ಗಳಿಗೆ ಬಗ್ಗದ ಬ್ಯಾಕ್ಟೀರಿಯಾಗಳ ಬಗ್ಗೆ ಒಬ್ಬ ಹುಡುಗಿ ಮಂಡಿಸಿದಳು. ದನಿ ಹಿಂದಿನ ಬೆಂಚಿಗೆ ಮುಟ್ಟುತ್ತಿರಲಿಲ್ಲ, ಕೈಯಲ್ಲಿದ್ದ ಚೀಟಿ ನಡುಗುತ್ತಿತ್ತು, ಎರಡು ಕಡೆ ಮಾತು ನಿಂತೇಹೋಯಿತು. ಕೊನೆಗೆ ನಾನು, “ಹಾಗಾದರೆ ಔಷಧಿಯೇ ಬ್ಯಾಕ್ಟೀರಿಯಾವನ್ನು ಬದಲಾಯಿಸುತ್ತದೆ ಅನ್ನೋಣವಾ?” ಎಂದು ಕೇಳಿದೆ. “ಇಲ್ಲ ಮೇಡಂ,” ಎಂದವಳೇ ಬೋರ್ಡಿನ ಹತ್ತಿರ ಹೋಗಿ ಚುಕ್ಕಿಗಳ ಗುಂಪೊಂದನ್ನು ಬರೆದಳು, ಅದರಲ್ಲಿ ಎರಡಕ್ಕೆ ಮಾತ್ರ ಸುತ್ತು ಹಾಕಿದಳು. “ಇವೆರಡು ಮೊದಲೇ ಬೇರೆ ಥರ ಇದ್ದವು. ಔಷಧಿ ಉಳಿದದ್ದನ್ನೆಲ್ಲ ಕೊಲ್ಲುತ್ತದೆ, ಇವು ಬದುಕಿಕೊಂಡು ಬೆಳೆಯುತ್ತವೆ. ಆಮೇಲೆ ನೋಡಿದವರಿಗೆ ಎಲ್ಲವೂ ಬದಲಾದ ಹಾಗೆ ಕಾಣುತ್ತದೆ.” ಆ ಗಳಿಗೆಯಲ್ಲಿ ಅವಳ ಕೈ ನಡುಗುತ್ತಿರಲಿಲ್ಲ. ಅದೇ ದಿನ ಸೊಗಸಾಗಿ ಮಾತಾಡಿದ ಇನ್ನೊಬ್ಬನಿಗೂ ಅವನ ವಿಷಯದ ಮೇಲೆ ಅಂಥದೇ ಪ್ರಶ್ನೆ ಹಾಕಿದೆ. ಅವನು ಹಿಂದಿನ ಸ್ಲೈಡಿಗೆ ಹೋಗಿ ಅದನ್ನೇ ಮತ್ತೊಮ್ಮೆ ಓದಿದ.

ಪ್ರಶ್ನೆ ಕೇಳುವುದು ಸಿಕ್ಕಿಸಲಿಕ್ಕಲ್ಲ. ಸಾಮಾನ್ಯವಾಗಿ ಹೀಗೆ ಕೇಳುತ್ತೇನೆ: ಇದು ಯಾಕೆ ಹೀಗೆ, ಇದೊಂದು ಅಂಶ ಬದಲಾದರೆ ಏನಾಗುತ್ತದೆ, ನೀನು ಹೇಳಿದ್ದು ಎಲ್ಲಿ ಅನ್ವಯಿಸುವುದಿಲ್ಲ. ಗೊತ್ತಿಲ್ಲದಾಗ “ಇಷ್ಟರವರೆಗೆ ಗೊತ್ತು, ಮುಂದಿನದು ಓದಿಲ್ಲ” ಎಂದು ನೇರವಾಗಿ ಹೇಳಿದವರಿಗೂ ಅಂಕವಿದೆ. ಮಾತು ಬೆಳೆಸಿ ತೇಲಿಸಿದವರಿಗೆ ಇಲ್ಲ.

ನನಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಕೇಳುಗರ ಚೀಟಿ. ಸೆಮಿನಾರು ಮುಗಿದ ಕೂಡಲೇ ತರಗತಿಯವರೆಲ್ಲ ಒಂದೇ ಒಂದು ವಾಕ್ಯ ಬರೆಯಬೇಕು: ಈ ಮಂಡನೆಯ ಮುಖ್ಯ ಮಾತು ಏನಾಗಿತ್ತು? ಹೆಸರು ಬೇಡ, ಅಂಕವೂ ಬೇಡ. ಸಹಪಾಠಿಗಳಿಂದ ಅಂಕ ಹಾಕಿಸಿದರೆ ಸ್ನೇಹಕ್ಕೆ ಬೀಳುವುದೇ ಹೆಚ್ಚು, ಅರ್ಥವಾಗದ್ದನ್ನು ಒಂದು ವಾಕ್ಯದಲ್ಲಿ ಬರೆ ಎಂದರೆ ಸ್ನೇಹ ನೆರವಿಗೆ ಬರುವುದಿಲ್ಲ. ಚೀಟಿಗಳೆಲ್ಲ ಹೆಚ್ಚುಕಡಿಮೆ ಒಂದೇ ಮಾತು ಹೇಳಿದರೆ ವಿಷಯ ಕೇಳುಗರಿಗೆ ದಾಟಿದೆ. ಒಂದೊಂದು ಚೀಟಿ ಒಂದೊಂದು ದಿಕ್ಕಿಗೆ ಹೋದರೆ, ಇಲ್ಲವೇ ಬರೀ ವಿಷಯದ ಶೀರ್ಷಿಕೆಯನ್ನೇ ಮತ್ತೆ ಬರೆದಿದ್ದರೆ, ಎಷ್ಟು ಚೆಂದ ಮಾತಾಡಿದ್ದರೂ ದಾಟಿಲ್ಲ. ಮುಖ್ಯ ಮಾತಿನ ಸ್ಪಷ್ಟತೆಗೆ ಇರುವ 6 ಅಂಕ ಹಾಕುವ ಮುನ್ನ ಈ ಚೀಟಿಗಳನ್ನು ಓದಲೇಬೇಕು ಎಂದು ನಿಯಮ ಮಾಡಿಕೊಂಡಿದ್ದೇನೆ.

ಸರದಿಯ ತೊಂದರೆಯೂ ಇದೆ. ತುಂಬ ಚೆನ್ನಾಗಿ ಮಂಡಿಸಿದವರ ಹಿಂದೆಯೇ ಬಂದವರು ಸಪ್ಪೆಯಾಗಿ ಕಾಣುತ್ತಾರೆ. ಅದಕ್ಕೆ ಸರದಿಯನ್ನು ಚೀಟಿ ಎತ್ತಿ ಗೊತ್ತುಮಾಡುತ್ತೇನೆ, ದಿನದ ಕೊನೆಗೆ ಮೊದಲಿಬ್ಬರ ಹಾಳೆಯನ್ನು ಕೊನೆಯಿಬ್ಬರ ಹಾಳೆಯ ಪಕ್ಕ ಇಟ್ಟು ಹೋಲಿಸುತ್ತೇನೆ. ಸಾಧ್ಯವಾದಾಗಲೆಲ್ಲ ಇನ್ನೊಬ್ಬ ಅಧ್ಯಾಪಕರನ್ನು ಕೂರಿಸಿಕೊಳ್ಳುತ್ತೇನೆ. ಇಬ್ಬರೂ ಮಾತಾಡಿಕೊಳ್ಳದೆ ಅಂಕ ಹಾಕುತ್ತೇವೆ. ವ್ಯತ್ಯಾಸ ದೊಡ್ಡದಿದ್ದರೆ ಕೂಡಿಸಿ ಎರಡರಿಂದ ಭಾಗಿಸುವುದಿಲ್ಲ, ಇಬ್ಬರ ಎಡಗಡೆಯ ಬರಹವನ್ನೂ ಎದುರಿಗಿಟ್ಟುಕೊಂಡು ಯಾರು ಏನನ್ನು ಕೇಳಿಸಿಕೊಂಡರು ಎಂದು ಚರ್ಚಿಸುತ್ತೇವೆ.

ಉಚ್ಚಾರಣೆ, ಆಡುಭಾಷೆಯ ಛಾಯೆ, ನಡುವೆ ಬೇರೆ ಭಾಷೆಯ ಪದ ಬರುವುದು, ಇವಕ್ಕೆ ಅಂಕ ಕಡಿಯುವುದಿಲ್ಲ. ತೊದಲುವ ವಿದ್ಯಾರ್ಥಿಗೆ ಸಮಯ ಹೆಚ್ಚು ಕೊಡುತ್ತೇನೆ, ಅದನ್ನು ತರಗತಿಯ ಮುಂದೆ ಸಾರುವುದಿಲ್ಲ. ಗುಂಪಾಗಿ ಮಂಡಿಸಿದರೆ ಪ್ರತಿಯೊಬ್ಬರಿಗೂ ಬೇರೆ ಹಾಳೆ.

ಅಂಕ ತಿಳಿಸುವಾಗ ಹಾಳೆಯ ಎಡಗಡೆಯನ್ನು ವಿದ್ಯಾರ್ಥಿಯ ಕೈಗೇ ಕೊಡುತ್ತೇನೆ, ಜೊತೆಗೆ ಕೇಳುಗರ ಚೀಟಿಗಳನ್ನೂ. “ಇನ್ನೂ ಚೆನ್ನಾಗಿ ಮಾಡು” ಎಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. “ನಾಲ್ಕನೇ ಸ್ಲೈಡಿನ ಕೋಷ್ಟಕ ತೆಗೆದು, ಅದರಲ್ಲಿರುವ ಒಂದೇ ಸಂಖ್ಯೆಯನ್ನು ದೊಡ್ಡದಾಗಿ ಹಾಕು, ಅದು ಯಾಕೆ ಮುಖ್ಯ ಎಂದು ಹೇಳು” ಎಂದರೆ ಏನು ಮಾಡಬೇಕೆಂದು ಗೊತ್ತಾಗುತ್ತದೆ. ಬೇಕೆನ್ನುವವರಿಗೆ ಅದೇ ವಿಷಯವನ್ನು ಇನ್ನೊಮ್ಮೆ ಮಂಡಿಸುವ ಅವಕಾಶವಿದೆ. ಆಗಲೂ ಕೇಳುಗರು ಹೊಸದಾಗಿ ಚೀಟಿ ಬರೆಯುತ್ತಾರೆ, ಅಂಕ ಏರುವುದು ಆ ಚೀಟಿಗಳು ಮತ್ತು ಪ್ರಶ್ನೋತ್ತರ ಎರಡೂ ಸುಧಾರಿಸಿದ್ದರೆ ಮಾತ್ರ.