ಗೌನಿನ ಟ್ರೇನನ್ನು ಮೇಲೆತ್ತಿ ಕಟ್ಟಿಸಬೇಕೇ, ಬೇಡವೇ?

ಮಂಗಳೂರು, ಉಡುಪಿ ಕಡೆಯ ಕ್ರೈಸ್ತ ಮದುವೆಗಳಲ್ಲಿ ವಧು ಚರ್ಚಿನೊಳಗೆ ನಡೆದುಬರುವಾಗ ಬಿಳಿ ಗೌನಿನ ಹಿಂದೆ ನೆಲದ ಮೇಲೆ ಹರಡಿಕೊಂಡು ಬರುವ ಉದ್ದನೆಯ ಬಟ್ಟೆಗೆ ನಮ್ಮ ಹೊಲಿಗೆಯವರು ‘ಟ್ರೇನ್’ ಎನ್ನುತ್ತಾರೆ. ಬಲಿಪೂಜೆ ಮುಗಿದು ಹಾಲ್‌ಗೆ ಬಂದ ಮೇಲೆ ಆ ಬಟ್ಟೆಯನ್ನು ಮೇಲೆತ್ತಿ ಗುಂಡಿಗೋ ಲಾಡಿಗೋ ಸಿಕ್ಕಿಸಿಡುವ ಏರ್ಪಾಡಿಗೆ ‘ಬಸಲ್’ ಎಂಬ ಹೆಸರಿದೆ. ಸೀರೆ ಉಟ್ಟವರು ಕೆಲಸಕ್ಕೆ ನಿಂತಾಗ ಸೆರಗನ್ನು ಸೊಂಟಕ್ಕೆ ಸಿಕ್ಕಿಸುವುದಕ್ಕೂ ಇದಕ್ಕೂ ಉದ್ದೇಶದಲ್ಲಿ ವ್ಯತ್ಯಾಸವಿಲ್ಲ; ಆದರೆ ಸೆರಗನ್ನು ಯಾವ ಗಳಿಗೆಯಲ್ಲಾದರೂ ಸಿಕ್ಕಿಸಬಹುದು, ಟ್ರೇನನ್ನು ಹಾಗೆ ಸಿಕ್ಕಿಸಲು ಬಟ್ಟೆಯೊಳಗೆ ಮೊದಲೇ ಜಾಗ ಮಾಡಿಡಬೇಕಾಗುತ್ತದೆ. ಆದ್ದರಿಂದ ಈ ತೀರ್ಮಾನವನ್ನು ಮದುವೆಯ ದಿನಕ್ಕೆ ಬಿಡುವಂತಿಲ್ಲ. ಹಲವು ವರ್ಷಗಳಿಂದ ಗೌನ್ ಹೊಲಿದುಕೊಡುತ್ತಿರುವ ನಾನು ವಧುವಿನ ಮನೆಯವರನ್ನು ಮೊದಲು ಕೇಳುವುದು ಟ್ರೇನಿನ ಉದ್ದವನ್ನಲ್ಲ, ಚರ್ಚಿನಿಂದ ಹೊರಬಂದ ನಂತರ ಆಕೆ ಆ ಗೌನಿನಲ್ಲಿ ಎಷ್ಟು ಹೊತ್ತು, ಎಂತಹ ನೆಲದ ಮೇಲೆ ಇರುತ್ತಾಳೆ ಎಂಬುದನ್ನು.

ಆ ದಿನದ ಕಾರ್ಯಕ್ರಮವನ್ನು ಹೊತ್ತಿನ ಪ್ರಕಾರ ಒಂದು ಹಾಳೆಯ ಮೇಲೆ ಬರೆದುಕೊಂಡರೆ ಅರ್ಧ ಉತ್ತರ ಅಲ್ಲಿಯೇ ಸಿಗುತ್ತದೆ. ಚರ್ಚಿನ ಅಂಗಳದಲ್ಲಿ ಫೋಟೊ, ಕಾರಿನ ಪ್ರಯಾಣ, ಹಾಲ್‌ನ ಪ್ರವೇಶ, ಕೇಕ್, ಟೋಸ್ಟ್, ಜೋಡಿಯ ಮೊದಲ ನೃತ್ಯ, ಆಮೇಲೆ ವೇದಿಕೆಯ ಮೇಲೆ ನಿಂತು ಬಂದವರ ಶುಭಾಶಯ ಸ್ವೀಕರಿಸುವುದು, ಊಟ, ಮತ್ತೆ ಎಲ್ಲರೂ ಸೇರಿ ಕುಣಿಯುವುದು, ಇವುಗಳಲ್ಲಿ ಎಷ್ಟಕ್ಕೆ ಗೌನ್ ಇರುತ್ತದೆ ಎಂದು ಗುರುತು ಹಾಕಿಕೊಳ್ಳಿ. ಕೆಲವು ಮನೆಗಳಲ್ಲಿ ವಧು ನಡುವೆಯೇ ಗೌನ್ ಕಳಚಿ, ಸಾಡೊ ಎಂದು ಕರೆಯುವ ಕೆಂಪು ಮದುವೆ ಸೀರೆಯನ್ನು ಉಡುತ್ತಾಳೆ. ಹಾಗಿರುವಾಗ ಒಂದು ಗಂಟೆಯ ಸಲುವಾಗಿ ಐದಾರು ಗುಂಡಿಗಳ ಬಸಲ್ ಹೊಲಿಸುವುದು ನನಗೆ ದುಂದುವೆಚ್ಚವಾಗಿ ಕಾಣುತ್ತದೆ. ಟ್ರೇನಿನ ತುದಿಗೆ ಒಳಗಿನಿಂದ ಒಂದು ಕುಣಿಕೆ ಹೊಲಿದು, ಅದನ್ನು ಮಣಿಕಟ್ಟಿಗೆ ಹಾಕಿಕೊಂಡು ನಡೆದರೆ ಸಾಕು. ಆದರೆ ಕೈಯಲ್ಲಿ ಹೂಗುಚ್ಛ ಹಿಡಿದು, ಇನ್ನೊಂದು ಕೈಯನ್ನು ವರನ ಹೆಗಲ ಮೇಲಿಟ್ಟು ನೃತ್ಯ ಮಾಡಬೇಕಾದವಳಿಗೆ ಈ ಕುಣಿಕೆ ಪ್ರಯೋಜನಕ್ಕೆ ಬರುವುದಿಲ್ಲ.

ಉದ್ದದ ವಿಚಾರ ಸುಲಭವಾದದ್ದು. ಬಟ್ಟೆ ನೆಲವನ್ನು ಸವರಿಕೊಂಡು ಒಂದು ಅಡಿಯಷ್ಟು ಮಾತ್ರ ಹಿಂದೆ ಚಾಚಿದ್ದರೆ ಅದನ್ನು ಕಟ್ಟಿಸುವ ಬದಲು ಅಷ್ಟನ್ನು ಕತ್ತರಿಸಿ ಅಂಚು ಮಡಿಸುವುದೇ ಮೇಲು. ಮೂರು ನಾಲ್ಕು ಅಡಿಯ ಟ್ರೇನಿನೊಂದಿಗೆ ಕುಣಿಯುವವರು ಕಟ್ಟಿಸಲೇಬೇಕು. ಆರು ಅಡಿ ಮೀರಿದರೆ ಕಟ್ಟಿದ ಮೇಲೆ ಹಿಂದೆ ಒಂದು ದೊಡ್ಡ ಗಂಟು ಕಾಣುತ್ತದೆ. ಅಂಥವರು ಸೊಂಟದಲ್ಲಿ ಹುಕ್ಕುಗಳಿಂದ ಬಿಚ್ಚಿಡಬಹುದಾದ ಪ್ರತ್ಯೇಕ ಟ್ರೇನನ್ನೇ ಹೊಲಿಸಿಕೊಳ್ಳುವುದು ಒಳ್ಳೆಯದು. 1981ರಲ್ಲಿ ಲಂಡನ್ನಿನ ಸೇಂಟ್ ಪಾಲ್ಸ್ ಕೆಥೆಡ್ರಲ್‌ನಲ್ಲಿ ಡಯಾನಾ ಧರಿಸಿದ ಗೌನಿನ ಟ್ರೇನ್ 25 ಅಡಿ ಉದ್ದವಿತ್ತು, ಮತ್ತು ರೇಷ್ಮೆಯ ಆ ಟಾಫೆಟಾ ಬಟ್ಟೆ ಸಾರೋಟಿನಲ್ಲಿ ಮುದುಡಿ ಸುಕ್ಕಾಗಿಯೇ ಇಳಿಯಿತು. ಕಾರಿನ ಹಿಂದಿನ ಸೀಟಿನಲ್ಲಿ ಕೂರುವ ನಮ್ಮ ಕಡೆಯ ವಧುಗಳಿಗೂ ಟಾಫೆಟಾ ಇದೇ ತೊಂದರೆ ಕೊಡುತ್ತದೆ.

ನೆಲದ ವಿಚಾರವನ್ನು ನಾನು ಉದ್ದಕ್ಕಿಂತ ಹೆಚ್ಚು ಎಣಿಸುತ್ತೇನೆ. ಕರಾವಳಿಯ ಕೆಂಪು ಮಣ್ಣು ಬಿಳಿ ಸ್ಯಾಟಿನ್ನಿಗೆ ಹತ್ತಿದರೆ ಒಂದು ಒಗೆತಕ್ಕೆ ಬಿಡುವುದಿಲ್ಲ. ಡಿಸೆಂಬರಿನ ಒಣ ಧೂಳಾದರೆ ಬ್ರಶ್ಶಿನಿಂದ ಕೊಡವಿಬಿಡಬಹುದು, ಆದರೆ ಮಳೆಗಾಲದ ಮೊದಲ ಹನಿ ಬಿದ್ದ ಅಂಗಳದಲ್ಲಿ ಹತ್ತು ಹೆಜ್ಜೆ ಎಳೆದ ಟ್ರೇನಿನ ಅಂಚು ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತದೆ. ಫೋಟೊಗ್ರಾಫರ್ ನಿಮ್ಮನ್ನು ತಣ್ಣೀರುಬಾವಿಯ ಅಥವಾ ಪಣಂಬೂರಿನ ಕಡಲತೀರಕ್ಕೆ ಕರೆದೊಯ್ಯುವ ಯೋಜನೆಯಿದ್ದರೆ, ಚಿತ್ರಕ್ಕಾಗಿ ಟ್ರೇನನ್ನು ಮರಳಿನ ಮೇಲೆ ಹರಡುವುದು ಹೇಗೂ ನಡೆಯುತ್ತದೆ; ಆದರೆ ನಡೆದುಹೋಗುವ ದಾರಿಯಲ್ಲಿ ಅದನ್ನು ಎತ್ತಿ ಕಟ್ಟಲು ಆಗಬೇಕು. ಬಾಡಿಗೆಗೆ ತಂದ ಗೌನಾದರೆ ಕಲೆಗೆ ಯಾರು ಹೊಣೆ, ಗುಂಡಿ ಹೊಲಿಯಲು ಒಪ್ಪಿಗೆ ಇದೆಯೇ ಎಂಬ ಎರಡನ್ನೂ ಮುಂಗಡ ಕೊಡುವ ಮೊದಲೇ ಕೇಳಿಕೊಳ್ಳಿ.

ಕಟ್ಟಿಸುವುದೆಂದು ನಿರ್ಧಾರವಾದರೆ ಹೊರಗಿನ ಮತ್ತು ಒಳಗಿನ ಎರಡು ಬಗೆಗಳ ನಡುವೆ ಆರಿಸಬೇಕು. ಹೊರಗಿನ ಬಗೆಯಲ್ಲಿ ಟ್ರೇನನ್ನು ಮೇಲಕ್ಕೆತ್ತಿ ಸೊಂಟದ ಹಿಂಭಾಗದ ಗುಂಡಿಗಳಿಗೆ ಸಿಕ್ಕಿಸುತ್ತಾರೆ. ಅಂಚಿನ ಲೇಸ್ ಗೌನಿನ ಮೇಲೆಯೇ ಬಿದ್ದು ಎದ್ದು ಕಾಣುತ್ತದೆ, ಬೆನ್ನುದ್ದಕ್ಕೂ ಗುಂಡಿಗಳ ಸಾಲಿದ್ದರೆ ಹೊಸ ಗುಂಡಿಗಳು ಅದರೊಳಗೆ ಸೇರಿಹೋಗುತ್ತವೆ. ಒಳಗಿನ ಬಗೆಯಲ್ಲಿ ಗೌನಿನ ಕೆಳಗೆ ಲಾಡಿಗಳನ್ನು ಜೋಡಿಜೋಡಿಯಾಗಿ ಕಟ್ಟಿ ಟ್ರೇನನ್ನು ಒಳಕ್ಕೆ ಮಡಚುತ್ತಾರೆ. ಹೊರಗೆ ನಿರಿಗೆಯಂತೆ ಉಬ್ಬಿ ಚೆಂದ ಕಂಡರೂ ಲೇಸಿನ ಅಂಚು ಮಡಿಕೆಯಲ್ಲಿ ಮುಚ್ಚಿಹೋಗುತ್ತದೆ. ಅಂಚಿನ ಕೆಲಸಕ್ಕೆಂದೇ ಹಣ ಸುರಿದವರು ಒಳಗಿನ ಬಗೆಗೆ ಒಪ್ಪುವುದನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ನೆಟ್ ಬಟ್ಟೆಯ ಹಲವು ಪದರಗಳಿದ್ದರೆ ಪ್ರತಿ ಪದರವನ್ನೂ ಎತ್ತಬೇಕು, ಇಲ್ಲವೇ ಎಲ್ಲವನ್ನೂ ಒಂದೊಂದು ಟಾಕಿನಿಂದ ಜತೆಗೂಡಿಸಿರಬೇಕು. ಮೇಲಿನದನ್ನಷ್ಟೇ ಎತ್ತಿದರೆ ಉಳಿದವು ಹಿಂದೆ ಜೋಲುತ್ತವೆ.

ಗುಂಡಿಗಳ ಸಂಖ್ಯೆಯಲ್ಲಿ ಜಿಪುಣತನ ಮಾಡಬಾರದು. ಬಹಳ ಹಿಂದೆ ನಾನು ನಾಲ್ಕು ಅಡಿಯ ದಪ್ಪ ಸ್ಯಾಟಿನ್ ಟ್ರೇನಿಗೆ ನಡುವಿನಲ್ಲಿ ಒಂದೇ ಗುಂಡಿ ಇಟ್ಟಿದ್ದೆ, ಅದೂ ದಾರದ ಕುಣಿಕೆಯೊಡನೆ. ನೃತ್ಯದ ಎರಡನೇ ಸುತ್ತಿನಲ್ಲಿ ಯಾರದೋ ಬೂಟು ಬಟ್ಟೆಯ ಮೇಲೆ ಬಿತ್ತು. ಕುಣಿಕೆ ಉಳಿಯಿತು, ಗುಂಡಿ ಕಿತ್ತುಬಂತು, ಅದರೊಂದಿಗೆ ಬೆನ್ನಿನ ಕೆಳಗೆ ಉಗುರಿನಷ್ಟು ಅಗಲದ ತೂತು ಬಿತ್ತು. ಅಂದಿನಿಂದ ಅಷ್ಟೇ ಉದ್ದದ ಸ್ಯಾಟಿನ್ನಿಗೆ ಮೂರರಿಂದ ಐದು ಗುಂಡಿಗಳನ್ನು ಇಟ್ಟು, ಪ್ರತಿ ಗುಂಡಿಯ ಹಿಂದೆ ಒಳಭಾಗದಲ್ಲಿ ಹತ್ತಿಯ ಪಟ್ಟಿಯ ಒಂದು ಚೂರನ್ನು ಕೊಟ್ಟು ಹೊಲಿಯುತ್ತೇನೆ. ತೂಕ ಹಂಚಿಹೋಗುವುದರಿಂದ ಒಂದು ಕಿತ್ತರೂ ಉಳಿದವು ಹಿಡಿದಿರುತ್ತವೆ.

ಟ್ರಯಲ್‌ಗೆ ಹೋಗುವಾಗ ಮದುವೆಯಂದು ಹಾಕುವ ಅದೇ ಎತ್ತರದ ಚಪ್ಪಲಿಯನ್ನು ಮತ್ತು ಒಳಗಿನ ಕ್ಯಾನ್‌ಕ್ಯಾನ್ ಲಂಗವನ್ನು ತೆಗೆದುಕೊಂಡು ಹೋಗಿ. ಮುಂಭಾಗದ ಅಂಚಿನ ಎತ್ತರ ನಿಗದಿಯಾದ ಮೇಲೆಯೇ ಬಸಲಿನ ಜಾಗ ಗುರುತಿಸಬೇಕು, ಏಕೆಂದರೆ ಎತ್ತಿ ಕಟ್ಟಿದ ಹಿಂಭಾಗ ಮುಂಭಾಗದ ಮಟ್ಟಕ್ಕೇ ಬಂದು ನಿಲ್ಲಬೇಕು. ಪಿನ್ನು ಹಾಕಿ ನಿಲ್ಲಿಸಿದ ನಂತರ ಕನ್ನಡಿಯ ಮುಂದೆ ನಿಂತು ನೋಡಿದರೆ ಸಾಲದು. ಕುರ್ಚಿಯಲ್ಲಿ ಕೂತು ಏಳಿ, ನಾಲ್ಕು ಮೆಟ್ಟಿಲು ಹತ್ತಿಳಿಯಿರಿ, ಹಿಮ್ಮುಖವಾಗಿ ಮೂರು ಹೆಜ್ಜೆ ಇಡಿ, ಯಾರನ್ನಾದರೂ ಎರಡೂ ಕೈಯಿಂದ ಅಪ್ಪಿಕೊಳ್ಳಿ. ತೋಳೆತ್ತಿದಾಗ ಬೆನ್ನಿನ ಬಟ್ಟೆ ಜಗ್ಗುವುದು ಹೆಚ್ಚಾಗಿ ಆಗಲೇ ಗೊತ್ತಾಗುತ್ತದೆ.

ಮದುವೆಯ ದಿನ ಅದನ್ನು ಕಟ್ಟಿಕೊಡುವವರು ನೀವಲ್ಲ, ಬ್ರೈಡ್ಸ್‌ಮೇಡ್ ಅಥವಾ ಅಕ್ಕನೋ ಅತ್ತಿಗೆಯೋ ಆಗಿರುತ್ತಾರೆ. ಅವರನ್ನು ಕೊನೆಯ ಟ್ರಯಲ್‌ಗೆ ಕರೆದುಕೊಂಡು ಹೋಗಿ ಅವರ ಕೈಯಿಂದಲೇ ಎರಡು ಬಾರಿ ಕಟ್ಟಿಸಿ, ಮೊಬೈಲಿನಲ್ಲಿ ಚಿತ್ರೀಕರಿಸಿಕೊಳ್ಳಿ. ಒಳಗಿನ ಲಾಡಿಗಳಾದರೆ ಒಂದೊಂದು ಜೋಡಿಗೂ ಒಂದೊಂದು ಬಣ್ಣ ಕೇಳಿ, ಏಕೆಂದರೆ ಲಂಗದ ಕೆಳಗೆ ಮಂಡಿಯೂರಿ ಕೂತವರಿಗೆ ಬಿಳಿಯಲ್ಲಿ ಬಿಳಿಯನ್ನು ಹುಡುಕುವುದು ಕಷ್ಟ. ಅಭ್ಯಾಸದ ನಂತರವೂ ಅವರಿಗೆ ಐದಾರು ನಿಮಿಷಕ್ಕಿಂತ ಹೆಚ್ಚು ಹಿಡಿಯುತ್ತಿದ್ದರೆ ಗುಂಡಿಗಳ ಸಂಖ್ಯೆಯನ್ನು ಉಳಿಸಿಕೊಂಡು ಬಗೆಯನ್ನು ಬದಲಾಯಿಸಿ, ಒಳಗಿನದರಿಂದ ಹೊರಗಿನದಕ್ಕೆ ಬನ್ನಿ. ಅವರ ಪರ್ಸಿನಲ್ಲಿ ಬಿಳಿ ದಾರ ಪೋಣಿಸಿದ ಒಂದು ಸೂಜಿ ಮತ್ತು ದೊಡ್ಡ ಸೇಫ್ಟಿ ಪಿನ್ನುಗಳು ನಾಲ್ಕೈದು ಇರಲಿ. ಪಿನ್ನನ್ನು ಹೊರಗಿನಿಂದ ಹಾಕದೆ, ಒಳಗಿನ ಅಸ್ತರಿಗೆ ಸೇರಿಸಿ ಅಡ್ಡಲಾಗಿ ಹಾಕಬೇಕೆಂದು ಅವರಿಗೆ ಹೇಳಿಡಿ.